ಓದುಗರ ಪ್ರಶ್ನೆ: ಸಾವಿರ ಕೋಟಿ ಜನಕ್ಕೆ ಗೋಧಿ ಸಾಕಾಗುತ್ತಾ?

ಪ್ರಶ್ನೆ: ಲೋಕದ ಜನಸಂಖ್ಯೆ 800 ಕೋಟಿ ದಾಟಿದೆ. ಇನ್ನು ಸ್ವಲ್ಪ ಕಾಲಕ್ಕೆ 1000 ಕೋಟಿ ಆಗುತ್ತದಂತೆ. ಭೂಮಿಯೇನೂ ಹಿಗ್ಗುವುದಿಲ್ಲ. ಇಷ್ಟು ಬಾಯಿಗೆ ಗೋಧಿ, ಅಕ್ಕಿ ಎಲ್ಲಿಂದ ತರೋದು?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಮೇಷ್ಟ್ರೇ, ಈ ಹೆದರಿಕೆ ಹಳೆಯದು. 1798ರಲ್ಲೇ ಇಂಗ್ಲೆಂಡಿನ ಮಾಲ್ಥಸ್ ಇದನ್ನು ಬರೆದಿದ್ದ. 1898ರಲ್ಲಿ ವಿಲಿಯಂ ಕ್ರೂಕ್ಸ್ ಎಂಬ ವಿಜ್ಞಾನಿ ಗೋಧಿಯ ಹೆಸರು ಹಿಡಿದೇ ಎಚ್ಚರಿಸಿದ. ಆದರೆ ಅವನು ಸುಮ್ನೆ ಹೆದರಿಸಿ ಕೂರಲಿಲ್ಲ, ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರ ಮಾಡುವ ದಾರಿ ಹುಡುಕಿ, ಇಲ್ಲದಿದ್ದರೆ ಗೋಧಿ ಸಾಲುವುದಿಲ್ಲ ಅಂದ. ಜರ್ಮನಿಯ ಹೇಬರ್ ಮತ್ತು ಬಾಷ್ ಅದನ್ನೇ ಮಾಡಿದರು, 1913ರಲ್ಲಿ ಕಾರ್ಖಾನೆಯೇ ಶುರುವಾಯಿತು. ನಮ್ಮ ರೈತರು ಇವತ್ತು ಎರಚುವ ಯೂರಿಯಾದ ಮೂಲ ಅಲ್ಲಿದೆ.

ಈಗ ಲೆಕ್ಕ ನೋಡಿ. 1961ರಲ್ಲಿ ಪ್ರಪಂಚದಲ್ಲಿ ಸುಮಾರು 20 ಕೋಟಿ ಹೆಕ್ಟೇರಿನಲ್ಲಿ ಗೋಧಿ ಇತ್ತು, ಬಂದ ಬೆಳೆ 22 ಕೋಟಿ ಟನ್. ಈಗ ಜಮೀನು 22 ಕೋಟಿ ಹೆಕ್ಟೇರಿನ ಆಸುಪಾಸು, ಬೆಳೆ ಮಾತ್ರ 80 ಕೋಟಿ ಟನ್ನಿನ ಹತ್ತಿರ. ಅಂದರೆ ಜನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆದರು, ಗೋಧಿ ಮೂರೂವರೆ ಪಟ್ಟಾಯಿತು. ನೀವು ಹೇಳಿದ ಹಾಗೆ ಭೂಮಿ ಹಿಗ್ಗಲಿಲ್ಲ, ಇಳುವರಿ ಹಿಗ್ಗಿತು.

ಅದು ಹೇಗೆ ಹಿಗ್ಗಿತು ಅನ್ನೋದು ಸ್ವಾರಸ್ಯ. ಹಳೆಯ ತಳಿಗಳು ಎದೆಯುದ್ದ ಬೆಳೆಯುತ್ತಿದ್ದವು. ಗೊಬ್ಬರ ಜಾಸ್ತಿ ಹಾಕಿದರೆ ತೆನೆ ಭಾರವಾಗಿ, ಒಂದು ಗಾಳಿಮಳೆ ಬಂದರೆ ಸಾಕು, ಹೊಲಕ್ಕೆ ಹೊಲವೇ ಮಲಗುತ್ತಿತ್ತು. ಜಪಾನಿನ ನೋರಿನ್ 10 ಎಂಬ ಗಿಡ್ಡ ತಳಿಯ ಗುಣವನ್ನು ಅಮೆರಿಕದ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಅಲ್ಲಿನ ಗೋಧಿಗೆ ಕೂಡಿಸಿದರು. ಕಡ್ಡಿ ಗಿಡ್ಡ, ಗಟ್ಟಿ. ಗೊಬ್ಬರ ಜಾಸ್ತಿ ಕೊಟ್ಟರೂ ಸುಲಭಕ್ಕೆ ಮಲಗುವುದಿಲ್ಲ. ಕೃಷಿ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಮತ್ತು ಆಗಿನ ಕೇಂದ್ರ ಕೃಷಿ ಮಂತ್ರಿ ಸಿ. ಸುಬ್ರಮಣ್ಯಂ ಕಾಲದಲ್ಲಿ, 1966ರಲ್ಲಿ, ನಾವು ಆ ಬೀಜವನ್ನು 18,000 ಟನ್ ತರಿಸಿಕೊಂಡೆವು. ಅಮೆರಿಕದ ಹಡಗು ಬಂದರೆ ಊಟ ಅನ್ನುತ್ತಿದ್ದ ಕಾಲ ಅದು. 1964-65ರಲ್ಲಿ 1.2 ಕೋಟಿ ಟನ್ ಇದ್ದ ನಮ್ಮ ಗೋಧಿ 1970-71ಕ್ಕೆ 2.3 ಕೋಟಿ ದಾಟಿತು. ಈಗ 11 ಕೋಟಿಗೂ ಮೇಲೆ.

ಗೋಧಿ, ಅಕ್ಕಿ, ಮೆಕ್ಕೆಜೋಳ ಎಲ್ಲ ಸೇರಿದರೆ ಪ್ರಪಂಚದಲ್ಲಿ ವರ್ಷಕ್ಕೆ 280 ಕೋಟಿ ಟನ್ನಿಗೂ ಜಾಸ್ತಿ ಧಾನ್ಯ ಬೆಳೆಯುತ್ತದೆ. ತಲೆಗೆ ಹಂಚಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ. ಎಳೆ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಒಂದು ಕೆಜಿ! ಅಷ್ಟು ಯಾರು ತಿನ್ನುತ್ತಾರೆ? ಯಾರೂ ಇಲ್ಲ. ಮೂರರಲ್ಲಿ ಒಂದು ಪಾಲು ಕೋಳಿ, ಹಂದಿ, ದನಗಳ ಹೊಟ್ಟೆಗೆ ಹೋಗುತ್ತದೆ. ಅಮೆರಿಕದ ಮೆಕ್ಕೆಜೋಳದಲ್ಲಿ ದೊಡ್ಡ ಪಾಲು ಎಥೆನಾಲ್ ಆಗಿ ಕಾರಿನ ಟ್ಯಾಂಕಿಗೆ. ಇಷ್ಟಿದ್ದೂ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು ಅನ್ನುತ್ತದೆ ವಿಶ್ವಸಂಸ್ಥೆಯ ವರದಿ.

ಜನಸಂಖ್ಯೆ 2080ರ ದಶಕದಲ್ಲಿ ಸುಮಾರು 1030 ಕೋಟಿಗೆ ಮುಟ್ಟಿ ಆಮೇಲೆ ಮೆಲ್ಲಗೆ ಇಳಿಯುತ್ತದೆ ಎಂಬುದು ಅದೇ ವಿಶ್ವಸಂಸ್ಥೆಯ 2024ರ ಅಂದಾಜು. ಹಾಗಾಗಿ ಒಟ್ಟು ಕಾಳು ಸಾಲದು ಅಂತ ನನಗೆ ಅಷ್ಟು ದಿಗಿಲಿಲ್ಲ. ದಿಗಿಲು ಇರೋದು ಬಿಸಿಲಿನ ಬಗ್ಗೆ, ಬಂದರಿನ ಬಗ್ಗೆ, ಮತ್ತೆ ಕೊಳ್ಳುವವರ ಜೇಬಿನ ಬಗ್ಗೆ. ಅದಕ್ಕೆ ಮುಂದಿನ ಪ್ರಶ್ನೆ ನೋಡಿ.

ಪ್ರಶ್ನೆ: ಗೋಧಿ ಬೆಳೆಯೋದರಲ್ಲಿ ಚೀನಾ ಬಿಟ್ಟರೆ ನಾವೇ ಅಂತೀರಿ. ಹಾಗಿದ್ದರೆ 2022ರಲ್ಲಿ ರಫ್ತು ನಿಲ್ಲಿಸಿದ್ದು ಯಾಕೆ? ಯುದ್ಧ ಉಕ್ರೇನಿನಲ್ಲಿ, ರೇಟು ಏರಿದ್ದು ನನ್ನ ಗಿರಣಿ ಮುಂದೆ!
– ಹಿಟ್ಟಿನ ಗಿರಣಿಯವರು, ಹುಬ್ಬಳ್ಳಿ

ಉತ್ತರ: ಜಾಸ್ತಿ ಬೆಳೆಯುವವರೇ ಜಾಸ್ತಿ ಮಾರಬೇಕು ಅಂತೇನಿಲ್ಲ. ನಾವು ಬೆಳೆದದ್ದನ್ನು ನಾವೇ ತಿಂದು ಮುಗಿಸುತ್ತೇವೆ. ರಷ್ಯಾ ಬೆಳೆಯೋದು ನಮಗಿಂತ ಕಡಿಮೆ, ಆದರೆ ಅಲ್ಲಿನ ಜನ ಹದಿನಾಲ್ಕೂವರೆ ಕೋಟಿ ಅಷ್ಟೇ, ಉಳಿದದ್ದು ಹಡಗು ಹತ್ತುತ್ತದೆ. ಪ್ರಪಂಚದ ಗೋಧಿಯಲ್ಲಿ ಗಡಿ ದಾಟುವುದು ಬರೀ ಕಾಲು ಭಾಗ. ಆ ಕಾಲು ಭಾಗದಲ್ಲಿ ಶೇ. 30ರಷ್ಟು ರಷ್ಯಾ ಮತ್ತು ಉಕ್ರೇನಿನದ್ದು. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾದಾಗ ಕಪ್ಪು ಸಮುದ್ರದ ಉಕ್ರೇನ್ ಬಂದರುಗಳು ಮುಚ್ಚಿದವು, ರೇಟು ಆಕಾಶಕ್ಕೇರಿತು.

ಹಾಗಾದರೆ ದಾಸ್ತಾನು ಎಲ್ಲೂ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಪ್ರಪಂಚದ ಗೋಧಿ ದಾಸ್ತಾನಿನಲ್ಲಿ ಸುಮಾರು ಅರ್ಧ ಚೀನಾದಲ್ಲೇ ಇದೆ. ಊರಿನ ಅರ್ಧ ಕಾಳು ಒಬ್ಬ ಸಾಹುಕಾರನ ಹಗೇವಿನಲ್ಲಿದ್ದು, ಅವನು ಮುಚ್ಚಳ ತೆಗೆಯೋದೇ ಇಲ್ಲ ಅಂದ ಹಾಗೆ.

ಆ ಹೊತ್ತಿನಲ್ಲಿ ಪ್ರಪಂಚಕ್ಕೆ ಅನ್ನ ಹಾಕಲು ನಾವು ಸಿದ್ಧ ಅಂತ ದಿಲ್ಲಿಯಿಂದ ಮಾತು ಬಂತು. ಹಿಂದಿನ ವರ್ಷ 70 ಲಕ್ಷ ಟನ್ ರಫ್ತು ಮಾಡಿದ್ದೆವು, ಹುರುಪು ಇತ್ತು. ಆದರೆ ಹೊಲದಲ್ಲಿ ಬೇರೆಯೇ ಕತೆ ನಡೆಯುತ್ತಿತ್ತು. ಪಂಜಾಬ್, ಹರಿಯಾಣದ ಕಡೆ ಮಾರ್ಚ್ ಅಂದರೆ ತೆನೆಯಲ್ಲಿ ಕಾಳು ತುಂಬುವ ಹೊತ್ತು. ಉಗುರಿನಲ್ಲಿ ಅದುಮಿದರೆ ಹಾಲು ಚಿಮ್ಮುತ್ತದೆ. ಆ ಹಾಲು ತಂಪು ಹವೆಯಲ್ಲಿ ನಿಧಾನವಾಗಿ ಗಟ್ಟಿಯಾಗಬೇಕು. 2022ರ ಮಾರ್ಚ್ ಮಾತ್ರ 122 ವರ್ಷದಲ್ಲೇ ಅತಿ ಬಿಸಿಯ ಮಾರ್ಚ್. ಗಿಡ ಅವಸರಕ್ಕೆ ಬಿದ್ದು ಬೇಗ ಒಣಗಿತು, ಕಾಳು ಅರ್ಧ ತುಂಬಿ ಸುಕ್ಕುಗಟ್ಟಿತು. ಸುಕ್ಕು ಕಾಳು ನೂರಕ್ಕೆ 6ಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಿ ಖರೀದಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಆ ವರ್ಷ ಆ ಮಿತಿಯನ್ನು 18ಕ್ಕೆ ಏರಿಸಬೇಕಾಯಿತು ಅಂದರೆ ನೀವೇ ಊಹಿಸಿ. ಅಂಥ ಕಾಳು ಬೀಸಿದರೆ ಬೂಸಾ ಜಾಸ್ತಿ, ಹಿಟ್ಟು ಕಡಿಮೆ ಅಂತ ನಿಮಗೆ ನಾನು ಹೇಳಬೇಕಾ?

ಇನ್ನೊಂದು ಕಡೆ, ಬೆಂಬಲ ಬೆಲೆ ಕ್ವಿಂಟಲಿಗೆ 2,015 ರೂಪಾಯಿ ಇತ್ತು, ವ್ಯಾಪಾರಿಗಳು ಅದಕ್ಕಿಂತ ಮೇಲೆ ಕೊಟ್ಟರು. ರೈತರು ಅವರಿಗೇ ಮಾರಿದರು, ತಪ್ಪೇನಿಲ್ಲ. ಸರ್ಕಾರದ ಖರೀದಿ ಹಿಂದಿನ ವರ್ಷದ 4.3 ಕೋಟಿ ಟನ್ನಿನಿಂದ 1.9 ಕೋಟಿಗೆ ಕುಸಿಯಿತು. ರೇಷನ್ನಿಗೆ ಏನು ಕೊಡೋದು? ಮೇ 13ಕ್ಕೆ ರಫ್ತು ನಿಂತಿತು. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಆದರೆ ಬೆಳೆ ಕಣಕ್ಕೆ ಬರುವ ಮೊದಲೇ ದಾನದ ಮಾತು ಆಡಬಾರದಿತ್ತು.

ನಮಗೆ ಬಿಸಿ ತಟ್ಟಿತು ಅಷ್ಟೇ, ಈಜಿಪ್ಟಿಗೆ ಬರೆಯೇ ಬಿತ್ತು. ಅದು ವರ್ಷಕ್ಕೆ ಕೋಟಿ ಟನ್ನಿಗೂ ಮೇಲೆ ಗೋಧಿ ತರಿಸುವ ದೇಶ, ಯುದ್ಧಕ್ಕೆ ಮೊದಲು ಅದರಲ್ಲಿ ಬಹುಪಾಲು ಬರುತ್ತಿದ್ದುದು ರಷ್ಯಾ, ಉಕ್ರೇನ್ ಎರಡೇ ದೇಶದಿಂದ. ಅಲ್ಲಿ ರಿಯಾಯಿತಿ ರೊಟ್ಟಿ ಒಂದಕ್ಕೆ 5 ಪಿಯಾಸ್ಟರ್ (ಅಲ್ಲಿನ ಪೈಸೆ) ಇತ್ತು, ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಯಾವ ಸರ್ಕಾರವೂ ಅದನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ. 2024ರ ಜೂನಿನಲ್ಲಿ 20 ಆಯಿತು.

ಇನ್ನು ಮುಂದಕ್ಕೂ ಇದೇ ತಲೆನೋವು. ಒಂದು ಡಿಗ್ರಿ ಬಿಸಿ ಏರಿದರೆ ಪ್ರಪಂಚದ ಗೋಧಿ ಇಳುವರಿ ಸುಮಾರು ಶೇ. 6 ಇಳಿಯುತ್ತದೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಕ್ಟೋಬರ್ ಕೊನೆಗೇ ಬಿತ್ತಿ ಮಾರ್ಚ್ ಬಿಸಿಲಿಗೆ ಮೊದಲೇ ಕಾಳು ಕಟ್ಟುವ ತಳಿಗಳು ಬಂದಿವೆ, ಅದು ಒಳ್ಳೇ ದಾರಿ. ಆದರೆ ಭತ್ತ ಕೊಯ್ದು ಹೊಲ ಖಾಲಿಯಾಗಬೇಕಲ್ಲ.

ಪ್ರಶ್ನೆ: ನಮ್ಮ ಎರೆ ಹೊಲದಲ್ಲೂ ಗೋಧಿ ಬರುತ್ತದೆ. ಪಂಜಾಬಿನವರಷ್ಟು ಯಾಕೆ ಬರಲ್ಲ?
– ರೈತರು, ಬಾಗಲಕೋಟೆ

ಉತ್ತರ: ಚಳಿ ಸಾಲದು, ಅಣ್ಣಾರೆ. ಅಲ್ಲಿ ಐದು ತಿಂಗಳು ತಂಪು, ಜೊತೆಗೆ ಕಾಲುವೆ, ಬೋರು. ನಮ್ಮಲ್ಲಿ ಹಿಂಗಾರಿನ ಹಸಿ ಇದ್ದಷ್ಟು ದಿನ ಬೆಳೆ, ಫೆಬ್ರವರಿಗೇ ಬಿಸಿಲು. ಅಲ್ಲಿ ಹೆಕ್ಟೇರಿಗೆ ಸುಮಾರು 5 ಟನ್, ನಮ್ಮ ರಾಜ್ಯದ ಸರಾಸರಿ ಅದರ ಮೂರನೇ ಒಂದು ಪಾಲೂ ಇಲ್ಲ. ಅವರ ಜೊತೆ ಪೈಪೋಟಿ ಬೇಡ. ನಿಮ್ಮ ಕಡೆಯ ಜವೆ ಗೋಧಿ ಇದೆಯಲ್ಲ, ಹುಗ್ಗಿಗೆ ಅದೇ ಬೇಕು ಅಂತ ಹುಡುಕಿಕೊಂಡು ಬರುವವರಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಜವೆಯಲ್ಲೇ ಗಿಡ್ಡ ತಳಿ, ಹಳೆಯದರ ಹಾಗೆ ಮಲಗುವುದಿಲ್ಲ. ನೀರಿನ ಅನುಕೂಲ ಇದ್ದರೆ ಒಮ್ಮೆ ವಿಚಾರಿಸಿ.

ಪ್ರಶ್ನೆ: ಎಲ್ಲರೂ ಗೋಧಿ ಬಿಟ್ಟು ರಾಗಿ ತಿಂದರೆ ಸಮಸ್ಯೆ ಮುಗೀತಲ್ವಾ?
– ಓದುಗರು, ಮಂಡ್ಯ

ಉತ್ತರ: ಮಂಡ್ಯದವರು ಬೇರೆ ಏನು ಕೇಳುತ್ತೀರಿ! ಇಲ್ಲ, ಮುಗಿಯಲ್ಲ. ಪ್ರಪಂಚದ ಜೋಳ, ಸಜ್ಜೆ, ರಾಗಿ, ನವಣೆ ಎಲ್ಲ ಕೂಡಿಸಿದರೂ 10 ಕೋಟಿ ಟನ್ ಆಗುವುದು ಕಷ್ಟ, ಗೋಧಿಯ ಜಾಗ ತುಂಬೋದು ಎಲ್ಲಿಂದ? ಆದರೆ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದು ನಮ್ಮ ರಾಜ್ಯವೇ, ನೀರೂ ಕಮ್ಮಿ ಸಾಕು. ನೀವು ಮುದ್ದೆ ಉಣ್ಣಿ, ಪಂಜಾಬಿನವರ ಚಪಾತಿ ಮಾತ್ರ ಕಿತ್ತುಕೊಳ್ಳಬೇಡಿ.