ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಓಟು ಸಿಕ್ಕಿದ್ದು 1967ರಲ್ಲಾ?

ಪ್ರಶ್ನೆ: ಸರ್, ನಮ್ಮ ಮಗಳು ಸಿಡ್ನಿಲಿ ಓದ್ತಿದಾಳೆ. ಅಲ್ಲಿ ಕಾಲೇಜಲ್ಲಿ ಯಾವ ಫಂಕ್ಷನ್ ಶುರುವಾದ್ರೂ ಮೊದ್ಲು ಆ ನೆಲದ ಮೂಲ ಜನಕ್ಕೆ ಗೌರವ ಹೇಳ್ತಾರಂತೆ. ಅದೇ ಜನಕ್ಕೆ 1967ರವರೆಗೂ ಓಟೇ ಇರ್ಲಿಲ್ಲ, ಗಿಡ-ಪ್ರಾಣಿಗಳ ಲೆಕ್ಕದಲ್ಲಿ ಇಟ್ಟಿದ್ರು ಅಂತ ವಾಟ್ಸಾಪಲ್ಲಿ ಬಂತು, ನಿಜಾನಾ? ಅವ್ರಿಗೆ ಹಕ್ಕುಗಳು ಸಿಕ್ಕಿದ್ದು ಹೇಗೆ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಗಿಡ-ಪ್ರಾಣಿ ಕಾನೂನು ಅನ್ನೋದು ಸುಳ್ಳು, ಅಂಥದ್ದೊಂದು ಇರ್ಲೇ ಇಲ್ಲ. ನಿಜವಾಗಿ ಆಗಿದ್ದೇ ಸಾಕಷ್ಟು ಕೆಟ್ಟದಾಗಿದೆ, ಅದಕ್ಕೆ ಸುಳ್ಳು ಸೇರಿಸೋ ಅಗತ್ಯ ಇಲ್ಲ. 1902ರಲ್ಲಿ ಬಿಳಿ ಹೆಂಗಸರಿಗೆ ಓಟು ಕೊಟ್ಟ ಕಾನೂನೇ ಬಹುಪಾಲು ಮೂಲನಿವಾಸಿಗಳನ್ನ ಹೊರಗಿಡ್ತು, ಜೊತೆಗೆ ಏಷ್ಯಾದವರನ್ನೂ. ಅಲ್ಲಿದ್ದ ಭಾರತೀಯರಿಗೆ 1925ರಲ್ಲೇ ಓಟು ಬಂತು ನೋಡಿ, ಆದ್ರೆ ಸಾವಿರಾರು ವರ್ಷಗಳಿಂದ ಅಲ್ಲೇ ಬಾಳ್ತಿದ್ದ ಜನಕ್ಕೆಲ್ಲಾ ಕೇಂದ್ರದ ಚುನಾವಣೇಲಿ ಓಟು ಸಿಗೋಕೆ 1962 ಆಗ್ಬೇಕಾಯ್ತು. ರಾಜ್ಯಗಳಲ್ಲಿ ಕೊನೇಗೆ ಕೊಟ್ಟಿದ್ದು ಕ್ವೀನ್ಸ್‌ಲ್ಯಾಂಡ್, 1965ರಲ್ಲಿ.

ಹಾಗಾದ್ರೆ 1967ರಲ್ಲಿ ಆಗಿದ್ದೇನು? ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನ ಹಿಡೀಬಾರ್ದು ಅಂತ ಸಂವಿಧಾನದಲ್ಲೇ ಬರೆದಿತ್ತು, ಅವರಿಗೆ ಅಂತ ಕೇಂದ್ರ ಸರ್ಕಾರ ವಿಶೇಷ ಕಾನೂನು ಮಾಡೋ ಹಾಗೂ ಇರ್ಲಿಲ್ಲ. ಎರಡನ್ನೂ ತೆಗೀಬೇಕಾ ಅಂತ ಮೇ 27ರಂದು ಜನರನ್ನೇ ಕೇಳಿದ್ರು, ನೂರಕ್ಕೆ 90ಕ್ಕಿಂತ ಹೆಚ್ಚು ಜನ ಹೌದು ಅಂದ್ರು.

ಓಟು ಬಂದ ತಕ್ಷಣ ಎಲ್ಲಾ ಸರಿಹೋಯ್ತಾ ಅಂದ್ರೆ ಇಲ್ಲ, ಮೋರೀ ಅನ್ನೋ ಊರಿನ ಕಥೆ ಕೇಳಿ. ಅಲ್ಲಿ ಪುರಸಭೆಯ ಈಜುಕೊಳಕ್ಕೆ ಮೂಲನಿವಾಸಿಗಳನ್ನ ಬಿಡಬಾರ್ದು ಅಂತ ರೂಲ್ ಇತ್ತು. 1965ರ ಫೆಬ್ರವರಿಲಿ ಸಿಡ್ನಿ ಯೂನಿವರ್ಸಿಟಿ ಹುಡುಗ ಹುಡುಗೀರು ಬಸ್ ಮಾಡ್ಕೊಂಡು ಹಳ್ಳಿ-ಪಟ್ಟಣ ಸುತ್ತೋಕೆ ಹೊರಟ್ರು, ಮುಂದಾಳು ಚಾರ್ಲ್ಸ್ ಪರ್ಕಿನ್ಸ್, ಅವರೂ ಮೂಲನಿವಾಸಿನೇ. ಊರಾಚೆ ಬಿಡಾರದಿಂದ ಮಕ್ಕಳನ್ನ ಕರ್ಕೊಂಡು ಹೋಗಿ ಕೊಳಕ್ಕೆ ಇಳಿಸಿದ್ರು. ಬಸ್ ಊರು ಬಿಟ್ಟ ಮೇಲೆ ಮಕ್ಕಳನ್ನ ಮತ್ತೆ ತಡೆದ್ರು ಅಂತ ಗೊತ್ತಾಯ್ತು, ಬಸ್ ತಿರುಗಿ ಮೋರೀಗೇ ಬಂತು. ಈ ಸಲ ಗೇಟ್ ಮುಂದೆ ಊರ ಜನ ಸೇರಿ ಮೊಟ್ಟೆ, ಟೊಮ್ಯಾಟೊ ಎಸೆದ್ರು, ಉಗುಳಿದ್ರು, ಇವರು ಅಲ್ಲಿಂದ ಕದಲಲಿಲ್ಲ. ಕೊನೆಗೆ ಪುರಸಭೆಯೇ ಬಗ್ಗಬೇಕಾಯ್ತು. ನಮ್ಮ ಊರುಗಳಲ್ಲಿ ಕೆರೆ, ಬಾವಿ ನೀರಿಗೆ ಏನೇನು ನಡೆದಿದೆ ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಇನ್ನೊಂದು ಕೂಲಿ ಮತ್ತು ಭೂಮಿದು, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ಸುತ್ತೆ. ದನದ ಫಾರ್ಮ್‌ಗಳಲ್ಲಿ ದುಡಿಯೋ ಮೂಲನಿವಾಸಿಗಳಿಗೂ ಬಿಳಿಯರಷ್ಟೇ ಕೂಲಿ ಕೊಡ್ಬೇಕು ಅಂತ 1966ರ ಮಾರ್ಚ್‌ನಲ್ಲಿ ತೀರ್ಪಾಯ್ತು, ಆದ್ರೆ ಜಾರಿ ಮಾತ್ರ 1968ರ ಡಿಸೆಂಬರ್‌ಗೆ ಅಂದ್ರು. ಅಲ್ಲೀತನಕ ಹಿಟ್ಟು, ಸಕ್ಕರೆ, ಟೀ ಪುಡಿ, ಮಾಂಸ, ಮೇಲೆ ಒಂದಿಷ್ಟು ಚಿಲ್ರೆ ಕಾಸು. 1966ರ ಆಗಸ್ಟ್‌ನಲ್ಲೇ ವೇವ್ ಹಿಲ್ ಅನ್ನೋ ಫಾರ್ಮ್‌ನಿಂದ ಮುಂದಾಳು ವಿನ್ಸೆಂಟ್ ಲಿಂಗಿಯಾರಿ ಜೊತೆ ಗುರಿಂಜಿ ಅನ್ನೋ ಮೂಲನಿವಾಸಿ ಜನ ಸುಮಾರು 200 ಮಂದಿ, ಹೆಂಡ್ರು ಮಕ್ಕಳ ಸಮೇತ, ಕೆಲಸ ಬಿಟ್ಟು ಎದ್ದು ಹೊರಟ್ರು. ಫಾರ್ಮ್ ಇಂಗ್ಲೆಂಡಿನ ವೆಸ್ಟಿ ಮನೆತನದ್ದು. ಎಲ್ರೂ ಇದು ಬರೀ ಕೂಲಿ ಮುಷ್ಕರ ಅನ್ಕೊಂಡ್ರು, ಅವರು ಕೇಳಿದ್ದು ನಮ್ಮ ನೆಲ ನಮಗೆ ವಾಪಸ್ ಕೊಡಿ ಅಂತ! ಹಳ್ಳದ ಪಕ್ಕ ಬಿಡಾರ ಹಾಕ್ಕೊಂಡು ಒಂಬತ್ತು ವರ್ಷ ಕೂತ್ರು. 1975ರ ಆಗಸ್ಟ್ 16ಕ್ಕೆ ಪ್ರಧಾನಿ ಗಾಫ್ ವಿಟ್ಲಮ್ ತಾವೇ ಅಲ್ಲಿಗೆ ಹೋಗಿ, ಹಿಡಿ ಮಣ್ಣು ತಗೊಂಡು ಲಿಂಗಿಯಾರಿ ಅಂಗೈಗೆ ಸುರಿದ್ರು. ಆ ಫೋಟೋ ಮಗಳಿಗೆ ಹುಡುಕಿ ನೋಡೋಕೆ ಹೇಳಿ, ಖಂಡಿತ ಸಿಗುತ್ತೆ.

ಹೋರಾಟ ಮುಗಿದಿಲ್ಲ. ಮೂಲನಿವಾಸಿಗಳ ವಿಷ್ಯದಲ್ಲಿ ಪಾರ್ಲಿಮೆಂಟಿಗೆ ಸಲಹೆ ಕೊಡೋಕೆ ಅವರದ್ದೇ ಒಂದು ಮಂಡಳಿ ಇರ್ಲಿ ಅಂತ 2023ರ ಅಕ್ಟೋಬರ್ 14ರಂದು ಜನಮತ ಕೇಳಿದ್ರು, ನೂರಕ್ಕೆ 60ರಷ್ಟು ಜನ ಬೇಡ ಅಂದ್ರು, ಒಪ್ಪಿದ ರಾಜ್ಯ ಒಂದೂ ಇಲ್ಲ. ನಂಗೆ ಅವತ್ತು ತುಂಬಾ ಬೇಜಾರಾಯ್ತು.

ಫಂಕ್ಷನ್‌ನಲ್ಲಿ ಹೇಳೋ ಆ ಗೌರವದ ಮಾತಲ್ಲಿ ಒಂದು ಜನಾಂಗದ ಹೆಸರು ಬರುತ್ತೆ, ಅದನ್ನ ಗಮನಿಸೋಕೆ ಮಗಳಿಗೆ ಹೇಳಿ. ಕಾಲೇಜು ಸಿಡ್ನಿ ಸಿಟಿ ಒಳಗಡೆನೇ ಇದ್ರೆ ಅದು ಗಾಡಿಗಲ್ ಜನರದ್ದಿರುತ್ತೆ.