ಸರ್ವರ್ ಪ್ಯಾನೆಲ್‌ನಲ್ಲಿ ಎಸ್‌ಎಸ್‌ಆರ್‌ಎಫ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿಯಿಂದ: ಇಲ್ಲಿನ ಕೆಲವು ತೊಗರಿ ಬೇಳೆ ವ್ಯಾಪಾರಿಗಳ ವೆಬ್‌ಸೈಟ್‌ಗಳನ್ನು ಒಂದೇ ಕ್ಲೌಡ್ ಸರ್ವರ್‌ನಲ್ಲಿ ನಡೆಸುತ್ತೇವೆ. ಅದರ ಪ್ಯಾನೆಲ್‌ನಲ್ಲಿ ಒಂದು ವಿಳಾಸ ಹಾಕಿದರೆ ಆ ಸೈಟ್ ‘ಚಾಲೂ’ ಇದೆಯೋ ‘ಬಂದ್’ ಇದೆಯೋ ತೋರಿಸುವ ಸೌಲಭ್ಯವಿದೆ. ಅದರಲ್ಲಿ ಎಸ್‌ಎಸ್‌ಆರ್‌ಎಫ್ (ಸರ್ವರ್-ಸೈಡ್ ರಿಕ್ವೆಸ್ಟ್ ಫೋರ್ಜರಿ, ಅಂದರೆ ಬೇರೆಯವರು ಹೇಳಿದ ವಿಳಾಸಕ್ಕೆ ಸರ್ವರ್ ತಾನೇ ಮನವಿ ಕಳಿಸುವಂತೆ ಮಾಡುವ) ದೋಷವಿದೆ ಎಂದು ಆಡಿಟ್ ವರದಿ ಬಂದಿದೆ. ಪ್ಯಾನೆಲ್‌ಗೆ ಲಾಗಿನ್ ಬೇಕೇ ಬೇಕು, ಸಿಗುವ ಉತ್ತರವೂ ಒಂದೇ ಪದ. ಇದು ಖರೇನೇ ಅಪಾಯವೇ?

ಹೌದು, ಅಪಾಯವೇ. ನೀವು ಹಾಕಿದ ವಿಳಾಸಕ್ಕೆ ಹೋಗುವುದು ನಿಮ್ಮ ಬ್ರೌಸರ್ ಅಲ್ಲ, ಸರ್ವರ್. ಹೊರಗಿನವರಿಗೆ ಕಾಣದ ಜಾಗಗಳೆಲ್ಲ ಅದಕ್ಕೆ ಕಾಣುತ್ತವೆ: 127.0.0.1ರಲ್ಲಿ, ಅಂದರೆ ಆ ಸರ್ವರ್‌ನೊಳಗೇ, ಪಾಸ್‌ವರ್ಡ್ ಇಲ್ಲದೆ ಓಡುವ ರೆಡಿಸ್ ಡೇಟಾಬೇಸ್ (ಪೋರ್ಟ್ 6379), ಕಂಟೇನರ್‌ಗಳನ್ನು ನಡೆಸುವ ಡಾಕರ್‌ನ ತೆರೆದಿಟ್ಟ ಎಪಿಐ (2375), ಸರ್ವರ್‌ಗೆ ಅದರ ವಿವರ ಮತ್ತು ತಾತ್ಕಾಲಿಕ ಕೀಲಿ ಕೊಡುವ ಕ್ಲೌಡ್‌ನ ಮೆಟಾಡೇಟಾ ಸೇವೆ (169.254.169.254). ಉತ್ತರ ಒಂದೇ ಪದವಾದರೂ ಬಹಳಷ್ಟು ಬಿಟ್ಟುಕೊಡುತ್ತದೆ. ಮುಚ್ಚಿದ ಪೋರ್ಟ್ ತಕ್ಷಣ ನಿರಾಕರಿಸುತ್ತದೆ, ಫೈರ್‌ವಾಲ್ ನುಂಗಿದ ಮನವಿ ಟೈಮ್‌ಔಟ್ ಆಗುವ ತನಕ ಕಾಯಿಸುತ್ತದೆ. ಆ ಹೊತ್ತಿನ ವ್ಯತ್ಯಾಸ ನೋಡಿಯೇ ಒಳಗೆ ಏನೇನಿದೆ ಎಂದು ಪಟ್ಟಿ ಮಾಡಬಹುದು. ಲಾಗಿನ್ ಇದೆಯೆಂದು ನಿಶ್ಚಿಂತರಾಗಬೇಡಿ. ಬರೀ ನೋಡಲು ಕೊಟ್ಟ ಖಾತೆಗೂ ಆ ಬಟನ್ ಸಿಗುತ್ತದೆಯೇ ಪರೀಕ್ಷಿಸಿ. ಸಿಎಸ್‌ಆರ್‌ಎಫ್ ಟೋಕನ್ (ಮನವಿ ಪ್ಯಾನೆಲ್‌ನ ಪುಟದಿಂದಲೇ ಬಂತು ಎಂದು ತೋರಿಸುವ ಗುಟ್ಟಿನ ಗುರುತು) ಇಲ್ಲದ ಪ್ಯಾನೆಲ್ ಆದರೆ, ನೀವು ಲಾಗಿನ್ ಆಗಿರುವಾಗ ತೆರೆದ ಬೇರೊಂದು ಪುಟವೇ ನಿಮ್ಮ ಹೆಸರಲ್ಲಿ ಮನವಿ ಕಳಿಸಬಲ್ಲದು.

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಪೆಟ್ಟು ಬಿದ್ದದ್ದು ಈ ದಾರಿಯಲ್ಲೇ. ಸರಿಯಾಗಿ ಹೊಂದಿಸದ ವೆಬ್ ಫೈರ್‌ವಾಲ್ ಮೂಲಕ ಮೆಟಾಡೇಟಾ ಸೇವೆಯಿಂದ ತಾತ್ಕಾಲಿಕ ಕೀಲಿ ಪಡೆದು, ಅಮೆರಿಕದ ಸುಮಾರು 10 ಕೋಟಿ ಮತ್ತು ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ತೆಗೆದರು. ಮರುವರ್ಷ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು.

ಮೊದಲು ದೋಷವನ್ನು ಕಣ್ಣಾರೆ ಖಾತ್ರಿ ಮಾಡಿಕೊಳ್ಳಿ, ಅದೂ ನಿಮ್ಮದೇ ಸರ್ವರ್‌ನಲ್ಲಿ ಮಾತ್ರ. ಪೈಥಾನ್‌ನ ಸಣ್ಣ ಎಚ್‌ಟಿಟಿಪಿ ಸರ್ವರ್ ಅನ್ನು 127.0.0.1ಕ್ಕೆ ಕಟ್ಟಿ 8099 ಪೋರ್ಟ್‌ನಲ್ಲಿ ಚಾಲೂ ಮಾಡಿ, ಅದೇ ವಿಳಾಸವನ್ನು ಪ್ಯಾನೆಲ್‌ನಲ್ಲಿ ಹಾಕಿ. ಪೈಥಾನ್ ಕಿಟಕಿಯಲ್ಲಿ ಮನವಿಯ ಸಾಲು ಮೂಡಿದರೆ ವರದಿ ನಿಜ.

ನಿಮ್ಮ ಕ್ಲೌಡ್ ಅಮೆಜಾನ್‌ನ ಎಡಬ್ಲ್ಯೂಎಸ್ ಆಗಿದ್ದರೆ ಇವತ್ತೇ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿಯನ್ನು ಕಡ್ಡಾಯ ಮಾಡಿ. ಅದರಲ್ಲಿ ಮೊದಲು ಪುಟ್ ಮನವಿ ಕಳಿಸಿ ಟೋಕನ್ ಪಡೆದು, ಆ ಟೋಕನ್ನನ್ನು ಹೆಡರ್‌ನಲ್ಲಿ ಕೊಡಬೇಕು. ಬರೀ ಗೆಟ್ ಮನವಿ ಕಳಿಸಬಲ್ಲ ಎಸ್‌ಎಸ್‌ಆರ್‌ಎಫ್ ಅಲ್ಲಿಗೇ ನಿಲ್ಲುತ್ತದೆ. ಸರ್ವರ್ ರೀಸ್ಟಾರ್ಟ್ ಬೇಡ. ಆದರೆ ಬದಲಿಸುವ ಮೊದಲು ಎಡಬ್ಲ್ಯೂಎಸ್‌ನ ನಿಗಾ ಸೇವೆ ಕ್ಲೌಡ್‌ವಾಚ್‌ನಲ್ಲಿ ‘ಮೆಟಾಡೇಟಾನೋಟೋಕನ್’ ಅಂಕಿ (ಟೋಕನ್ ಇಲ್ಲದೆ ಬಂದ ಮನವಿಗಳ ಎಣಿಕೆ) ನೋಡಿ. ಅದು ಸೊನ್ನೆ ಇಲ್ಲದಿದ್ದರೆ ಯಾವುದೋ ಹಳೆಯ ಪ್ರೋಗ್ರಾಮ್ ಇನ್ನೂ ಮೊದಲ ಆವೃತ್ತಿಯನ್ನೇ ಬಳಸುತ್ತಿದೆ, ಅದು ನಿಂತುಹೋಗುತ್ತದೆ. ಹಾಪ್ ಮಿತಿ (ಉತ್ತರ ಎಷ್ಟು ಜಿಗಿತ ದಾಟಬಹುದು ಎಂಬ ಸಂಖ್ಯೆ) 1 ಇಟ್ಟರೆ ಡಾಕರ್ ಕಂಟೇನರ್ ಒಳಗಿನವರಿಗೆ ಟೋಕನ್ ತಲುಪುವುದಿಲ್ಲ. ಕಂಟೇನರ್‌ಗೆ ಅದು ಬೇಡವಾದರೆ 1ರಲ್ಲೇ ಬಿಡಿ.

ಎರಡನೆಯದು, ಪ್ಯಾನೆಲ್ ಹೊರಗೆ ಎಲ್ಲೆಲ್ಲಿಗೆ ಹೋಗಬಹುದು ಎಂಬುದಕ್ಕೆ ಬೇಲಿ. ಬಳಕೆದಾರನ ಲೆಕ್ಕದಲ್ಲಿ ಬರೆದ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಅನೇಕ ಪ್ಯಾನೆಲ್‌ಗಳು ಎಲ್ಲ ಅಧಿಕಾರವಿರುವ ರೂಟ್ ಖಾತೆಯಲ್ಲೇ ಓಡುತ್ತವೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಸೇವಾ ಫೈಲ್‌ನ ‘ಐಪಿಅಡ್ರೆಸ್‌ಡಿನೈ’ ಸಾಲು ರೂಟ್‌ಗೂ ಅನ್ವಯಿಸುತ್ತದೆ. ಅಲ್ಲಿ 169.254.169.254, 10.0.0.0/8, 172.16.0.0/12, 192.168.0.0/16 ಬರೆಯಿರಿ. 169.254.0.0/16 ಇಡಿಯಾಗಿ ಮುಚ್ಚಬೇಡಿ: ಎಡಬ್ಲ್ಯೂಎಸ್‌ನ ಡಿಎನ್‌ಎಸ್ (169.254.169.253) ಮತ್ತು ಗಡಿಯಾರ ಸೇವೆ (169.254.169.123) ಅದರೊಳಗೇ ಇವೆ. 127.0.0.0/8 ಮುಚ್ಚಿದರೆ 127.0.0.53ರಲ್ಲಿರುವ ಉಬುಂಟುವಿನ ಡಿಎನ್‌ಎಸ್ ಸತ್ತು, ಪ್ಯಾನೆಲ್‌ಗೆ ಯಾವ ಹೆಸರೂ ಸಿಗದೆ ಹೋಗುತ್ತದೆ. ಬೇಕಾದ ವಿಳಾಸಗಳನ್ನು ‘ಐಪಿಅಡ್ರೆಸ್‌ಅಲೋ’ ಸಾಲಿನಲ್ಲಿ ಬಿಡಿ, ಅದು ನಿಷೇಧಕ್ಕಿಂತ ಮೇಲು.

ಪ್ಯಾನೆಲ್‌ನ ಪೋರ್ಟ್ ಅನ್ನು ಇಂಟರ್‌ನೆಟ್‌ಗೆ ತೆರೆದಿಡಲು ಯಾವ ಕಾರಣವೂ ಇಲ್ಲ. ನಿಮ್ಮ ಬ್ರಾಡ್‌ಬ್ಯಾಂಡ್ ಐಪಿ ಆಗಾಗ ಬದಲಾಗುವುದಾದರೆ ಐಪಿ ಪಟ್ಟಿ ಮಾಡಿ ಒದ್ದಾಡುವುದಕ್ಕಿಂತ ವೈರ್‌ಗಾರ್ಡ್ ವಿಪಿಎನ್ ಅಥವಾ ಎಸ್‌ಎಸ್‌ಎಚ್ ಟನೆಲ್ ಹಾಕಿಕೊಳ್ಳಿ.

ಬೀದರ್‌ನಿಂದ: ಬಿದ್ರಿ ಸಾಮಾನು ಮಾರುವ ಅಂಗಡಿಯ ಸೈಟ್ ಮಾಡಿಕೊಟ್ಟಿದ್ದೇನೆ. ಫೋಟೊದ ಲಿಂಕ್ ಹಾಕಿದರೆ ಸರ್ವರ್ ತಾನೇ ಇಳಿಸಿಕೊಳ್ಳುತ್ತದೆ. ‘ಲೋಕಲ್‌ಹೋಸ್ಟ್’, ‘127.0.0.1’, ‘192.168’ ಇರುವ ಲಿಂಕ್‌ಗಳನ್ನು ತಡೆದಿದ್ದೇನೆ. ಸಾಕೇ?

ಸಾಲದು. ಅಕ್ಷರ ಹೋಲಿಸಿ ತಡೆಯುವುದು ಇಲ್ಲಿ ಎಂದೂ ಗೆಲ್ಲುವುದಿಲ್ಲ. 2130706433 ಎಂಬ ಸಂಖ್ಯೆಯೂ 127.1 ಕೂಡ 127.0.0.1ಕ್ಕೇ ಹೋಗುತ್ತವೆ. ಐಪಿವಿ6ರಲ್ಲಿ ::1 ಇದೆ. ಯಾರು ಬೇಕಾದರೂ ತಮ್ಮ ಡೊಮೇನ್ ಹೆಸರನ್ನು 127.0.0.1ಕ್ಕೆ ತಿರುಗಿಸಬಹುದು, ಇಲ್ಲವೇ ಒಳ್ಳೆಯ ವಿಳಾಸ ಕೊಟ್ಟು 302 ಉತ್ತರದಿಂದ (ಬೇರೆ ವಿಳಾಸಕ್ಕೆ ಹೋಗು ಎನ್ನುವ ರೀಡೈರೆಕ್ಟ್) ಒಳಗಿನ ವಿಳಾಸಕ್ಕೆ ಕಳಿಸಬಹುದು.

ಹೆಸರನ್ನು ಒಮ್ಮೆ ಮಾತ್ರ ಡಿಎನ್‌ಎಸ್‌ನಲ್ಲಿ ಹುಡುಕಿ, ಬಂದ ಐಪಿಗಳನ್ನೆಲ್ಲ ಪರೀಕ್ಷಿಸಿ, ಪಾಸಾದ ಅದೇ ಐಪಿಗೆ ಸಂಪರ್ಕ ಮಾಡಿ. ಪರೀಕ್ಷೆಗೊಮ್ಮೆ, ಸಂಪರ್ಕಕ್ಕೊಮ್ಮೆ ಎಂದು ಎರಡು ಸಲ ಹುಡುಕಿದರೆ ಆ ನಡುವೆ ಡಿಎನ್‌ಎಸ್ ಉತ್ತರ ಬದಲಿಸಿ ಮೋಸ ಮಾಡುತ್ತಾರೆ. ಪಿಎಚ್‌ಪಿಯ ಕರ್ಲ್‌ನಲ್ಲಿ ‘ರಿಸಾಲ್ವ್’ ಆಯ್ಕೆಯಿಂದ ಐಪಿ ಗಟ್ಟಿ ಮಾಡಬಹುದು, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪರೀಕ್ಷೆಯೂ ಕೆಡುವುದಿಲ್ಲ. ಪೈಥಾನ್ ಬಳಸುವವರು ‘ಖಾಸಗಿ ವಿಳಾಸವೇ’ ಎಂದು ಕೇಳುವ ಬದಲು ‘ಸಾರ್ವಜನಿಕ ವಿಳಾಸವೇ’ ಎಂದು ಕೇಳಿ. 100.64.0.0/10 ಗುಂಪಿನ ವಿಳಾಸಗಳಿಗೆ ಮೊದಲ ಪ್ರಶ್ನೆಯ ಉತ್ತರ ‘ಅಲ್ಲ’ ಎಂದೇ ಬರುತ್ತದೆ. ಅಲಿಬಾಬಾ ಕ್ಲೌಡ್‌ನ ಮೆಟಾಡೇಟಾ ವಿಳಾಸ 100.100.100.200 ಇರುವುದು ಅದೇ ಗುಂಪಿನಲ್ಲಿ. ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ಕಳಿಸುವ) ವಿಳಾಸಗಳನ್ನು ಬೇರೆಯಾಗಿ ತಳ್ಳಿಹಾಕಿ. ರೀಡೈರೆಕ್ಟ್ ಬಂದ್ ಮಾಡಿ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಪ್ರೋಟೊಕಾಲ್ ಬೇಡ, ಪೋರ್ಟ್ 80, 443 ಮಾತ್ರ. 5 ಸೆಕೆಂಡು, 5 ಎಂಬಿ ಮಿತಿ ಇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಒಂದೇ: ಲಿಂಕ್ ಸೌಲಭ್ಯವನ್ನೇ ತೆಗೆಯಿರಿ. ಹೂಜಿ, ಹುಕ್ಕಾಗಳ ಫೋಟೊ ಅಂಗಡಿಯವರ ಮೊಬೈಲ್‌ನಲ್ಲೇ ಇರುತ್ತವೆ, ಅಪ್‌ಲೋಡ್ ಬಟನ್ ಸಾಕು.

ಯಾದಗಿರಿಯಿಂದ: ರಿವರ್ಸ್ ಪ್ರಾಕ್ಸಿಯಾಗಿ (ಬಂದ ಮನವಿಗಳನ್ನು ಹಿಂದಿನ ಸರ್ವರ್‌ಗಳಿಗೆ ದಾಟಿಸಲು) ಅಪಾಚೆ ವೆಬ್ ಸರ್ವರ್ 2.4.48 ಇದೆ. ಇದರಲ್ಲೂ ಎಸ್‌ಎಸ್‌ಆರ್‌ಎಫ್ ಇದೆಯಂತೆ. ಈಗಾಗಲೇ ಯಾರಾದರೂ ಬಳಸಿದ್ದಾರೆಯೇ ತಿಳಿಯುವುದು ಹೇಗೆ?

ಇದೆ. ದೋಷಗಳಿಗೆ ಕೊಡುವ ಸಿವಿಇ ಸಂಖ್ಯೆಯಲ್ಲಿ ಅದು ಸಿವಿಇ-2021-40438, ಅಪಾಚೆಯ ಪ್ರಾಕ್ಸಿ ಭಾಗವಾದ ಮಾಡ್‌ಪ್ರಾಕ್ಸಿಯ ದೋಷ. 2.4.49ರಲ್ಲಿ ಸರಿಮಾಡಿದರು. ಆದರೆ ಅಲ್ಲಿಗೆ ನಿಲ್ಲಬೇಡಿ: 2.4.49ರಲ್ಲಿ ಫೈಲ್ ಕದಿಯುವ ಬೇರೊಂದು ದೋಷ ಬಂತು, 2.4.50ರ ರಿಪೇರಿ ಅರೆಬರೆಯಾಯಿತು. ಹೊಸ ಆವೃತ್ತಿಗೇ ಹೋಗಿ. ಉಬುಂಟು, ಡೆಬಿಯನ್‌ನ ಪ್ಯಾಕೇಜ್ ಬಳಸುವವರು ಆವೃತ್ತಿ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅವರು ಹಳೆಯ ಸಂಖ್ಯೆಯಲ್ಲೇ ಪ್ಯಾಚ್ ಸೇರಿಸುತ್ತಾರೆ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಹುಡುಕಿ.

ಆಕ್ಸೆಸ್ ಲಾಗ್‌ನಲ್ಲಿ ‘ಯುನಿಕ್ಸ್’ ಪದದ ಮುಂದೆ ಕೋಲನ್, ಸಾವಿರಾರು ಅಕ್ಷರಗಳ ಉದ್ದನೆಯ ಸಾಲು, ಅದರ ಕೊನೆಗೆ ಪೈಪ್ ಚಿಹ್ನೆ ಮತ್ತು ಒಂದು ವಿಳಾಸ ಕಂಡರೆ ಯಾರೋ ಯತ್ನಿಸಿದ್ದಾರೆ. ಆ ಮನವಿಗೆ 200 ಉತ್ತರ ಹೋಗಿದ್ದರೆ ಆ ವಿಳಾಸ ಯಾವುದೆಂದು ನೋಡಿ, ಅಲ್ಲಿ ಸಿಗಬಹುದಾದ ಕೀಲಿ, ಪಾಸ್‌ವರ್ಡ್‌ಗಳನ್ನೆಲ್ಲ ಮೊದಲು ಬದಲಿಸಿ, ಲಾಗ್‌ನ ಪ್ರತಿ ತೆಗೆದಿಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಉಬುಂಟುವಿನಲ್ಲಿ ಅಪಾಚೆಯ ಲಾಗ್‌ರೊಟೇಟ್ (ಹಳೆಯ ಲಾಗ್ ಅಳಿಸುವ ವ್ಯವಸ್ಥೆ) ಫೈಲ್ ತಾನಾಗಿ ಇಡುವುದು 14 ದಿನದ್ದು ಮಾತ್ರ. ಅಲ್ಲಿ 14 ಅನ್ನು 180 ಮಾಡಿ, ಡಿಸ್ಕ್‌ನಲ್ಲಿ ಜಾಗ ಸಾಲುತ್ತದೆಯೇ ನೋಡಿಕೊಳ್ಳಿ.