ಶಾಂತಸಾಗರದ ಕಾಲೇಜು, ಅಟ್ಲಾಂಟಿಕ್ ಕೂಟ

"ಮೊಮ್ಮಗಳು ಬರ್ಕ್ಲಿಯಲ್ಲಿ ಓದುತ್ತಿದ್ದಾಳೆ. ಊರಿರುವುದು ಶಾಂತಸಾಗರದ ಕಡೆ. ಕಾಲೇಜಿನ ತಂಡ ಆಡುವುದು ಮಾತ್ರ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಂತೆ! ಇದೆಂಥ ಲೆಕ್ಕ?"
– ಓದುಗರೊಬ್ಬರು, ಮೈಸೂರು

ನಮಸ್ಕಾರ ಅಮ್ಮಾ,

ಅದು ಟಿವಿ ದುಡ್ಡಿನ ಲೆಕ್ಕ. ಅಮೆರಿಕದಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಕೂಟ ಕಟ್ಟಿಕೊಂಡು ಆಡುತ್ತವೆ. ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರಿ, ಬಂದದ್ದನ್ನು ಹಂಚಿಕೊಳ್ಳುತ್ತವೆ. ದುಡ್ಡು ಬರುವುದು ಮುಖ್ಯವಾಗಿ ಅವರ ಫುಟ್‌ಬಾಲ್‌ನಿಂದ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದಿಂದ. 1984ರವರೆಗೆ ಆ ಆಟದ ಟಿವಿ ಹಕ್ಕು ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಹಿಡಿತದಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿತು. 2022ರಲ್ಲಿ ಬಿಗ್ ಟೆನ್ ಕೂಟ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರಿಗೂ ಜಾಸ್ತಿ.

ಅದೇ ವರ್ಷ ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್‌ಎ ಕಾಲೇಜುಗಳೆರಡೂ ಪಶ್ಚಿಮದ ಪ್ಯಾಕ್-12 ಕೂಟ ಬಿಟ್ಟು ಬಿಗ್ ಟೆನ್ ಸೇರುವುದಾಗಿ ಹೇಳಿದವು. ಮರುವರ್ಷ ಉಳಿದವೂ ಒಂದೊಂದಾಗಿ ಹೊರಟವು. ಕೊನೆಗೆ ಆ ಮನೆಯಲ್ಲಿ ಉಳಿದದ್ದು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಕಾಲೇಜು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ದಿಕ್ಕು ಕಾಣದೆ ಅಟ್ಲಾಂಟಿಕ್ ಬಾಗಿಲು ತಟ್ಟಿದವು. ಅದೂ ಪೂರ್ತಿ ಪಾಲು ಕೇಳದೆ.

ಅಟ್ಲಾಂಟಿಕ್ ಮನೆಯಲ್ಲೂ ಪಾಲಿನ ಜಗಳ ಇತ್ತು. ಅಲ್ಲಿನ ಕ್ಲೆಮ್ಸನ್, ಫ್ಲಾರಿಡ ಸ್ಟೇಟ್ ಎಂಬ ಎರಡು ಕಾಲೇಜುಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು: ಯಾರ ಆಟವನ್ನು ಜನ ಜಾಸ್ತಿ ನೋಡುತ್ತಾರೋ ಅವರಿಗೆ ಜಾಸ್ತಿ. ಒಟ್ಟು ಕುಟುಂಬದಲ್ಲಿ ಹೆಚ್ಚು ದುಡಿಯುವವನು ಹೆಚ್ಚು ಪಾಲು ಕೇಳಿದ ಮೇಲೆ ಒಲೆ ಎಷ್ಟು ದಿನ ಒಂದೇ ಇರುತ್ತದೆ, ನೀವೇ ಹೇಳಿ.

ಒಂದು ಒಳ್ಳೆಯದೂ ಆಗಿದೆ. 2025ರ ಜುಲೈನಿಂದ ಕಾಲೇಜುಗಳು ಆಟಗಾರರಿಗೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ 2.05 ಕೋಟಿ ಡಾಲರ್. ಬೆವರು ಸುರಿಸಿದವರಿಗೆ ಇದು ಎಂದೋ ಸಿಗಬೇಕಿತ್ತು.

ನನಗೆ ಸಂಕಟವಾಗುವುದು ವಾಲಿಬಾಲ್ ಹುಡುಗಿಯರನ್ನು ನೆನೆದಾಗ. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತದೆ. ಕೂಟ ಬದಲಾದಾಗ ಇವರೂ ಜೊತೆಗೆ ಹೋಗಬೇಕಾಯಿತು, ಇವರ ಪಂದ್ಯಗಳೋ ಅದಕ್ಕಿಂತ ಜಾಸ್ತಿ. ಬಾಸ್ಟನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಆಟ ಮುಗಿದರೆ ಬರ್ಕ್ಲಿಯಲ್ಲಿ ಸಂಜೆ ಆರು. ಆಮೇಲೆ ಆರು ಗಂಟೆಗೂ ಮೀರಿದ ವಿಮಾನ ಪ್ರಯಾಣ. ಮಂಡಿಗೆ ಐಸ್ ಕಟ್ಟಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹೋಂವರ್ಕ್ ಮಾಡಬೇಕು. ಅವರ ಆಟಕ್ಕಾಗಿ ಯಾವ ಚಾನೆಲ್ಲೂ ಇಷ್ಟು ಕೋಟಿ ಕೊಟ್ಟಿಲ್ಲ. ಆದರೂ ಅಲೆದಾಟ ಮಾತ್ರ ಅವರ ಪಾಲಿಗೆ.

ಫುಟ್‌ಬಾಲ್ ಒಂದನ್ನೇ ಬೇರೆ ಮಾಡಿ ದೇಶದುದ್ದಕ್ಕೂ ಆಡಿಸಲಿ. ಉಳಿದ ಮಕ್ಕಳು ಅಕ್ಕಪಕ್ಕದ ಊರುಗಳ ಜೊತೆ ಆಡಲಿ. ಆಗದ ಮಾತೇನಲ್ಲ. ನಾಟ್ರಡೇಮ್ ಕಾಲೇಜು ಹೆಚ್ಚಿನ ಆಟಗಳನ್ನು ಇದೇ ಅಟ್ಲಾಂಟಿಕ್ ಕೂಟದಲ್ಲಿ ಆಡುತ್ತದೆ, ಫುಟ್‌ಬಾಲನ್ನು ಮಾತ್ರ ಸ್ವತಂತ್ರವಾಗಿ ಇಟ್ಟುಕೊಂಡಿದೆ. ಬಿಗ್ ಟೆನ್ ಒಪ್ಪಂದ 2030ಕ್ಕೆ ಮುಗಿಯುತ್ತದೆ. ಆಗ ಎಲ್ಲರೂ ಮತ್ತೆ ಮಾತಿಗೆ ಕೂರಲೇಬೇಕು. ಈ ಮಾತು ಆ ಮೇಜಿನ ಮೇಲೆ ಬರಲಿ.

ಮೊಮ್ಮಗಳ ತರಗತಿಯಲ್ಲಿ ಆಟಗಾರ್ತಿಯರು ಯಾರಾದರೂ ಇದ್ದರೆ ಕೇಳಿ ಬರೆಯಿರಿ ಅಮ್ಮಾ, ಅಚ್ಚು ಹಾಕುತ್ತೇವೆ.

– ಸಂ.